ತಾಲಿನ್‌ನಲ್ಲಿ ಹೊಸ ಸೆಮಿಸ್ಟರ್, ಶಾಯಿ ಇಲ್ಲದ ಚುನಾವಣೆ

ಎಸ್ಟೋನಿಯಾ ಎಲ್ಲಿದೆ ಅಂತ ತಿಳಿಯೋಕೆ ನೀವು ಮ್ಯಾಪ್ ತೆಗೆಯಬೇಕಾಗಬಹುದು, ಪರವಾಗಿಲ್ಲ. ಯುರೋಪಿನ ಈಶಾನ್ಯ ಮೂಲೆ. ಒಂದು ಪಕ್ಕ ರಷ್ಯಾ, ಸಮುದ್ರದ ಆಚೆ ದಡದಲ್ಲಿ ಫಿನ್ಲೆಂಡ್. ವಿಸ್ತೀರ್ಣ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಇಡೀ ದೇಶದ ಜನಸಂಖ್ಯೆ ಸುಮಾರು 13.7 ಲಕ್ಷ. ರಾಜಧಾನಿ ತಾಲಿನ್‌ನಲ್ಲಿ ನಾಲ್ಕೂವರೆ ಲಕ್ಷ ಜನ, ಅಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟು.

ಆರು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದ ಮೇಲೆ, ಕಳೆದ ವರ್ಷ ಸೈಬರ್ ಸೆಕ್ಯುರಿಟಿ ಎಂ.ಎಸ್ಸಿ ಓದಲು ಇಲ್ಲಿಗೆ ಬಂದೆ. ‘ಈ ವಯಸ್ಸಲ್ಲಿ ಓದಾ? ಅದೂ ಅಮೆರಿಕ, ಜರ್ಮನಿ ಬಿಟ್ಟು ಅಲ್ಲಿಗೆ?’ ಅಂತ ಅರಸೀಕೆರೆಯಲ್ಲಿ ಕೇಳದವರೇ ಇಲ್ಲ. ಅವರಿಗೆ ನಾನು ಕೊಟ್ಟ ಉತ್ತರ ಒಂದೇ: ಸರ್ಕಾರ, ರಾಜಕೀಯ, ತಂತ್ರಜ್ಞಾನ ಮೂರನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಉಣ್ಣುತ್ತಿರುವ ದೇಶ ಇದು. ಅದನ್ನು ಹತ್ತಿರದಿಂದ ನೋಡಬೇಕಿತ್ತು.

ಈಗ ಮೂರನೇ ಸೆಮಿಸ್ಟರ್. ಅದರ ನಡುವೆಯೇ ಇಲ್ಲಿ ಸ್ಥಳೀಯ ಚುನಾವಣೆ ಬಂತು. ಈ ಎರಡು ತಿಂಗಳಲ್ಲಿ ಕಂಡದ್ದು, ತಲೆಯಲ್ಲಿ ಓಡಿದ್ದು ಇಲ್ಲಿದೆ.

ಹೂವು ಹಿಡಿದು ಶಾಲೆಗೆ

ಇಲ್ಲಿ ಸೆಪ್ಟೆಂಬರ್ 1 ಅಂದರೆ ಶಾಲೆ ಶುರುವಾಗುವ ದಿನ. ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಟೀಚರಿಗೆ ಕೊಡಲು ಹೂಗುಚ್ಛ ಹಿಡಿದು ನಡೆದು ಹೋಗುತ್ತಿರುತ್ತಾರೆ. ಬಸ್ಸಿನ ತುಂಬಾ ಹೂವಿನ ವಾಸನೆ. ನಮ್ಮಂಥ ದೊಡ್ಡ ವಿದ್ಯಾರ್ಥಿಗಳ ಕೈಯಲ್ಲಿ ಮಾತ್ರ ಲ್ಯಾಪ್‌ಟಾಪ್ ಬ್ಯಾಗು.

ನಾನು ಓದುವ ಟಾಲ್‌ಟೆಕ್ ವಿಶ್ವವಿದ್ಯಾಲಯ 1918ರಲ್ಲಿ ಶುರುವಾದದ್ದು. ಕ್ಯಾಂಪಸ್ ಇರುವುದು ಮುಸ್ತಮಾಯೆ ಅನ್ನೋ ಬಡಾವಣೆಯಲ್ಲಿ. ಸೋವಿಯತ್ ಕಾಲದಲ್ಲಿ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಸಾಲುಸಾಲಾಗಿ ಕಟ್ಟಿದ ಅಪಾರ್ಟ್‌ಮೆಂಟುಗಳು, ನಡುನಡುವೆ ಎತ್ತರದ ಪೈನ್ ಮರಗಳು. ಮೊದಲ ನೋಟಕ್ಕೆ ಬೇಸರ ಹುಟ್ಟಿಸುವ ಜಾಗ. ಆದರೆ 1960ರಲ್ಲಿ ಸೈಬರ್ನೆಟಿಕ್ಸ್ ಸಂಸ್ಥೆ ತಾಲಿನ್‌ನಲ್ಲಿ ಹುಟ್ಟಿತು, ಅದರ ಬೇರುಗಳು ಈ ಬಡಾವಣೆಯಲ್ಲೇ ಹರಡಿಕೊಂಡವು. ಒಂದು ಕಾಲದಲ್ಲಿ ನಾವೆಲ್ಲ ಅಮೆರಿಕದ ಅಣ್ಣ-ತಮ್ಮಂದಿರ ಜೊತೆ ಮಾತಾಡುತ್ತಿದ್ದ ಸ್ಕೈಪ್‌ನ ಕೋಡ್ ಬರೆದವರು ಎಸ್ಟೋನಿಯಾದ ಹುಡುಗರು. 2003ರಲ್ಲಿ ಬಂದ ಸ್ಕೈಪ್ 2025ರ ಮೇನಲ್ಲಿ ಬಾಗಿಲು ಹಾಕಿತು. ಆದರೆ ಅದರಲ್ಲಿ ದುಡ್ಡು, ಅನುಭವ ಕಂಡವರು ಹೊಸ ಕಂಪನಿಗಳನ್ನು ಕಟ್ಟಿದರು. ಅದರಲ್ಲಿ ಒಂದು ಸ್ಟಾರ್‌ಶಿಪ್. ಆರು ಚಕ್ರದ ಪುಟ್ಟ ಡಬ್ಬಿಯಂಥ ಅದರ ರೋಬೋಟು ಫುಟ್‌ಪಾತ್ ಮೇಲೆ ದಿನಸಿ ಹೊತ್ತು ಹೋಗುತ್ತದೆ. ಮೊದಲ ವಾರ ಫೋಟೋ ತೆಗೀತೀವಿ, ಆಮೇಲೆ ದಾರಿ ಬಿಟ್ಟು ಸುಮ್ಮನೆ ನಡೀತೀವಿ.

ಸೆಮಿಸ್ಟರ್ ಲೆಕ್ಕ ಇಲ್ಲಿ ಸರಳ. ಒಂದು ಕ್ರೆಡಿಟ್ ಅಂದರೆ ವಿದ್ಯಾರ್ಥಿಯ 26 ಗಂಟೆ ಕೆಲಸ. 30 ಕ್ರೆಡಿಟ್‌ಗೆ 780 ಗಂಟೆ. ಎಂಜಿನಿಯರಿಂಗ್ ಓದುವಾಗ ಪರೀಕ್ಷೆಗೆ ಒಂದು ವಾರ ಮುಂಚೆ ಜೆರಾಕ್ಸ್ ನೋಟ್ಸ್ ಹುಡುಕುತ್ತಿದ್ದ ಗಿರಾಕಿಗೆ ಈ ಲೆಕ್ಕ ಮೊದಲು ತಮಾಷೆ ಅನಿಸಿತ್ತು. ಪ್ರತಿ ವಾರ ಲ್ಯಾಬ್, ಪ್ರತಿ ವಾರ ರಿಪೋರ್ಟ್, ಜೊತೆಗೆ ಖರ್ಚಿಗಾಗಿ ಪಾರ್ಟ್‌ಟೈಮ್ ಕೆಲಸ. ಈಗ 780 ಕಡಿಮೆಯೇ ಆಯ್ತೇನೋ ಅನಿಸುತ್ತೆ. ಅಮ್ಮನ ಫೋನಿಗೂ ಕ್ಯಾಲೆಂಡರಿನಲ್ಲಿ ಸ್ಲಾಟ್ ಇದೆ. ಬೇಸಿಗೆಯಲ್ಲಿ ನಮ್ಮ ಊರಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಮೂರೂವರೆ.

ಒಂದು ಸಮಾಧಾನ ಅಂದರೆ ಬಸ್ಸು, ಟ್ರಾಮ್ ಫ್ರೀ. ತಾಲಿನ್ ವಿಳಾಸದಲ್ಲಿ ನೋಂದಾಯಿಸಿಕೊಂಡವರಿಗೆಲ್ಲ 2013ರಿಂದ ನಗರ ಸಾರಿಗೆ ಉಚಿತ. ನಮ್ಮ ಶಕ್ತಿ ಯೋಜನೆ ಬಗ್ಗೆ ಹೇಳಿದಾಗ ಸಹಪಾಠಿಗಳು ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದರು. ಇಲ್ಲಿಯೂ ಅದರ ಮೇಲೆ ವಾದ ಇದ್ದೇ ಇದೆ: ದುಡ್ಡು ಯಾರದ್ದು, ಲಾಭ ಯಾರಿಗೆ. ಚುನಾವಣೆ ಬಂದಾಗ ಆ ಪ್ರಶ್ನೆ ಮತ್ತೆ ಎದ್ದು ಕೂರುತ್ತೆ.

ಹುಲಿಯ ನೆಗೆತ

1991ರ ಆಗಸ್ಟ್ 20ರಂದು ಈ ದೇಶ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡಿತು. ಕೈಯಲ್ಲಿ ದುಡ್ಡಿಲ್ಲ, ಜನ ಕಡಿಮೆ, ಪ್ರತಿ ಹಳ್ಳಿಗೂ ಕಚೇರಿ ಕಟ್ಟಿ ಗುಮಾಸ್ತರನ್ನು ಕೂರಿಸುವ ಶಕ್ತಿ ಇಲ್ಲ. 1992ರಲ್ಲಿ ಪ್ರಧಾನಿಯಾದ ಮಾರ್ಟ್ ಲಾರ್‌ಗೆ ಆಗ 32 ವರ್ಷ. ಆ ವಯಸ್ಸಿನಲ್ಲಿ ನಮ್ಮಲ್ಲಿ ಟೀಮ್ ಲೀಡ್ ಆಗೋದೇ ದೊಡ್ಡ ವಿಷಯ! ಫಿನ್ಲೆಂಡ್ ತನ್ನ ಹಳೇ ಟೆಲಿಫೋನ್ ಎಕ್ಸ್‌ಚೇಂಜನ್ನು ಪುಕ್ಕಟೆ ಕೊಡ್ತೀನಿ ಅಂದಾಗ, ಬೇಡ, ಹೊಸದನ್ನೇ ಹಾಕ್ತೀವಿ ಅಂದರು ಅನ್ನೋ ಕಥೆ ಇಲ್ಲಿ ಮೊದಲ ಲೆಕ್ಚರಲ್ಲೇ ಕಿವಿಗೆ ಬೀಳುತ್ತೆ.

1996ರಲ್ಲಿ ‘ಹುಲಿ ನೆಗೆತ’ ಅನ್ನೋ ಹೆಸರಿನಲ್ಲಿ ಶಾಲೆಗಳಿಗೆ ಕಂಪ್ಯೂಟರ್, ಇಂಟರ್ನೆಟ್ ಕೊಡುವ ಕಾರ್ಯಕ್ರಮ ಶುರುವಾಯಿತು. 2001ರಲ್ಲಿ ಎಕ್ಸ್-ರೋಡ್ ಬಂತು. 2002ರಿಂದ ಚಿಪ್ ಇರುವ ಗುರುತಿನ ಚೀಟಿ.

ನಮ್ಮಂಥವರಿಗೆ ಕುತೂಹಲ ಹುಟ್ಟಿಸುವುದು ಎಕ್ಸ್-ರೋಡ್. ಎಲ್ಲ ಮಾಹಿತಿಯನ್ನೂ ಒಂದೇ ದೊಡ್ಡ ಉಗ್ರಾಣದಲ್ಲಿ ತುಂಬಿಲ್ಲ. ಆಸ್ಪತ್ರೆಯ ದಾಖಲೆ ಆಸ್ಪತ್ರೆ ವ್ಯವಸ್ಥೆಯಲ್ಲಿ, ತೆರಿಗೆಯದ್ದು ತೆರಿಗೆ ಇಲಾಖೆಯಲ್ಲಿ, ವಾಹನದ್ದು ಸಾರಿಗೆ ಇಲಾಖೆಯಲ್ಲಿ. ಒಂದು ಇಲಾಖೆಗೆ ಇನ್ನೊಂದರಿಂದ ಏನಾದರೂ ಬೇಕಾದರೆ ಈ ದಾರಿಯಲ್ಲಿ ಸಹಿ ಹಾಕಿ ಕೇಳಬೇಕು, ಕೇಳಿದ್ದು ದಾಖಲಾಗುತ್ತೆ. ಪ್ರಜೆಯಿಂದ ಒಂದು ಮಾಹಿತಿಯನ್ನು ಸರ್ಕಾರ ಒಂದೇ ಸಲ ಕೇಳಬೇಕು ಅನ್ನೋದು ನಿಯಮ. ಮೂರು ಕಚೇರಿಗೆ ಮೂರು ಸೆಟ್ ಜೆರಾಕ್ಸ್, ಅದರ ಮೇಲೆ ಸೆಲ್ಫ್ ಅಟೆಸ್ಟೆಡ್ ಸಹಿ ಇಲ್ಲಿಲ್ಲ. ಕಾರ್ಡಿಗೆ ಎರಡು ಪಿನ್: ನಾನು ನಾನೇ ಅಂತ ತೋರಿಸಲು ಒಂದು, ಸಹಿ ಹಾಕಲು ಇನ್ನೊಂದು. ನನ್ನ ಬಾಡಿಗೆ ಕರಾರಿಗೂ ಸಹಿ ಬಿದ್ದದ್ದು ಹೀಗೇ. 2024ರ ಕೊನೆಯಲ್ಲಿ ವಿಚ್ಛೇದನದ ಅರ್ಜಿಯನ್ನೂ ಆನ್‌ಲೈನ್ ಮಾಡಿದ್ದಾರೆ!

ಇದೆಲ್ಲ ಕೇಳಿ ‘ನಮ್ಮಲ್ಲಿ ಏನೂ ಇಲ್ಲ’ ಅಂತ ನಿಟ್ಟುಸಿರು ಬಿಡಬೇಡಿ. ಎಕ್ಸ್-ರೋಡ್ ಶುರುವಾದ ಹೊತ್ತಿಗೇ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು. ಆಗ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕ್ಲಾಸಿನಲ್ಲಿ ನಾನು ಇದನ್ನು ಪ್ರೆಸೆಂಟೇಶನ್ ಮಾಡಿದಾಗ, ಇಡೀ ಎಸ್ಟೋನಿಯಾದ ಜನಸಂಖ್ಯೆಗಿಂತ ಹಲವು ಪಟ್ಟು ಹೆಚ್ಚು ದಾಖಲೆ ಅಂತ ಕೇಳಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ಲೈಬ್ರರಿಯಲ್ಲಿ ಕೂತು ವೋಟು

ಅಕ್ಟೋಬರ್ 19ಕ್ಕೆ ಮತದಾನ. ಸ್ಥಳೀಯ ಚುನಾವಣೆಯಲ್ಲಿ 16 ವರ್ಷ ತುಂಬಿದವರೂ ವೋಟು ಹಾಕಬಹುದು, ಹಾಗಾಗಿ ಹೈಸ್ಕೂಲಿನ ಹುಡುಗರೂ ಬಸ್ಸಿನಲ್ಲಿ ಪಾರ್ಟಿಗಳ ಬಗ್ಗೆ ಜಗಳ ಆಡ್ತಿದ್ದರು. ಲೌಡ್‌ಸ್ಪೀಕರ್ ಇಲ್ಲ, ಬೈಕ್ ರ‍್ಯಾಲಿ ಇಲ್ಲ. ಮಾರುಕಟ್ಟೆ ಹತ್ತಿರ ಟೆಂಟ್ ಹಾಕಿ ಅಭ್ಯರ್ಥಿಗಳು ಜನರ ಹತ್ತಿರ ಮಾತಾಡ್ತಿದ್ದರು. ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆ.

ಮತದಾನಕ್ಕೆ ಮುಂಚಿನ ಸೋಮವಾರದಿಂದ ಶನಿವಾರದವರೆಗೆ ಇಂಟರ್ನೆಟ್ ಮೂಲಕ ಮತ ಹಾಕಬಹುದು. ಲೈಬ್ರರಿಯಲ್ಲಿ ಗ್ರೂಪ್ ಅಸೈನ್‌ಮೆಂಟ್ ಮಾಡ್ತಾ ಇದ್ದೆವು. ನಮ್ಮ ಗುಂಪಿನ ಎಸ್ಟೋನಿಯಾದ ಹುಡುಗಿ ‘ಎರಡು ನಿಮಿಷ’ ಅಂತ ಲ್ಯಾಪ್‌ಟಾಪ್ ತಿರುಗಿಸಿಕೊಂಡಳು. ಕಾರ್ಡ್ ಹಾಕಿದಳು, ಪಿನ್ ಒತ್ತಿದಳು, ಅಭ್ಯರ್ಥಿಯನ್ನು ಆರಿಸಿದಳು, ಎರಡನೇ ಪಿನ್ ಒತ್ತಿದಳು. ಪರದೆ ಮೇಲೆ ಬಂದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ, ಸರ್ವರಿಗೆ ತಲುಪಿದ್ದು ತನ್ನ ಆಯ್ಕೆಯೇ ಅಂತ ಖಾತ್ರಿ ಮಾಡಿಕೊಂಡಳು. ಮತ್ತೆ ಅಸೈನ್‌ಮೆಂಟ್ ಮುಂದುವರಿಯಿತು. ಶುಕ್ರವಾರ ಮನಸ್ಸು ಬದಲಾಯಿಸಿ ಇನ್ನೊಂದು ಸಲ ಹಾಕಿದಳಂತೆ!

ಹೌದು, ಎಷ್ಟು ಸಲ ಬೇಕಾದರೂ ಹಾಕಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಆನ್‌ಲೈನ್ ಮತ ರದ್ದು. ಯಾರಾದರೂ ಪಕ್ಕದಲ್ಲಿ ನಿಂತು ಒತ್ತಾಯದಿಂದ ಹಾಕಿಸಿದರೆ, ಆಮೇಲೆ ಒಬ್ಬರೇ ಇದ್ದಾಗ ಬದಲಾಯಿಸಲಿ ಅನ್ನೋ ಉದ್ದೇಶ. ಮತ ಗುಟ್ಟಾಗಿರಲು ಎರಡು ಲಕೋಟೆ ಉಪಾಯ. ಒಳಗಿನ ಲಕೋಟೆಯಲ್ಲಿ ಗೂಢಲಿಪಿಯಲ್ಲಿರುವ ಮತ, ಹೊರಗಿನದರ ಮೇಲೆ ನಿಮ್ಮ ಡಿಜಿಟಲ್ ಸಹಿ. ಎಣಿಸುವ ಮುಂಚೆ ಹೊರಗಿನ ಲಕೋಟೆ ತೆಗೆದುಬಿಡ್ತಾರೆ. ನಮ್ಮ ಅಂಚೆ ಮತದಲ್ಲೂ ಇದೇ ಉಪಾಯ ಇದೆ, ಇಲ್ಲಿ ಕಾಗದದ ಬದಲು ಗಣಿತ.

2005ರಲ್ಲಿ ಮೊದಲ ಸಲ ಹೀಗೆ ಮತ ಹಾಕಿದಾಗ ಶೇ 2ರಷ್ಟು ಮತದಾರರೂ ಇದನ್ನು ಬಳಸಿರಲಿಲ್ಲ. 2023ರ ಸಂಸತ್ ಚುನಾವಣೆಯಲ್ಲಿ ಅದು ಶೇ 51. ಆ ರಾತ್ರಿ ಮೊದಲು ಕಾಗದದ ಮತ ಎಣಿಸಿದಾಗ ಆನ್‌ಲೈನ್ ಮತದಾನವನ್ನೇ ವಿರೋಧಿಸುವ ಪಕ್ಷ ಮುಂದಿತ್ತು. ಆನ್‌ಲೈನ್ ಮತ ಸೇರಿದ ಮೇಲೆ ಫಲಿತಾಂಶ ತಿರುಗಿತು. ಗಲಾಟೆ ಆಗದೆ ಇರುತ್ತಾ? ಸುಪ್ರೀಂ ಕೋರ್ಟಿನವರೆಗೂ ಹೋಯಿತು, ದೂರುಗಳು ವಜಾ ಆದವು. ಆದರೆ ಇವತ್ತಿಗೂ ಅನುಮಾನ ಪಡುವವರು ಇಲ್ಲಿ ಇದ್ದಾರೆ, ಸಣ್ಣ ಸಂಖ್ಯೆ ಏನಲ್ಲ.

ಅನುಮಾನಕ್ಕೆ ತಾಂತ್ರಿಕ ಕಾರಣವೂ ಇದೆ. 2014ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ತಂಡ ಈ ವ್ಯವಸ್ಥೆಯ ದೌರ್ಬಲ್ಯಗಳನ್ನು ಪಟ್ಟಿ ಮಾಡಿ, ಇದನ್ನು ನಿಲ್ಲಿಸುವುದೇ ಒಳ್ಳೇದು ಅಂದಿತ್ತು. ಇದೇ ಹಾಲ್ಡರ್‌ಮನ್ 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್ ಮತ್ತು ನೆದರ್‌ಲೆಂಡ್ಸ್‌ನ ರಾಪ್ ಖೋಂಗ್ರೇಪ್ ಜೊತೆ ಸೇರಿ ನಮ್ಮ ಇವಿಎಂ ಬಿಚ್ಚಿ ನೋಡಿದ್ದರು. ಆ ಯಂತ್ರ ಎಲ್ಲಿಂದ ಬಂತು ಅಂತ ಕೇಳಿ ಹರಿಪ್ರಸಾದ್ ಅವರನ್ನು ಬಂಧಿಸಲಾಗಿತ್ತು. ಇಲ್ಲಿ ಆ ವರದಿಯನ್ನು ಸರ್ಕಾರ ಒಪ್ಪಲಿಲ್ಲ, ಆದರೆ ನಮ್ಮ ಸಿಲಬಸ್ಸಿನಲ್ಲಿ ಅದು ಓದಲೇಬೇಕಾದ ಪಾಠ. ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಂಡಿತು.

ಇನ್ನೊಂದು ಮುಖ. ಗುಂಪಿನ ಮತ್ತೊಬ್ಬ ಹುಡುಗ ಲಾಸ್ನಮಾಯೆಯವನು, ಮನೆಮಾತು ರಷ್ಯನ್. ಉಕ್ರೇನ್ ಯುದ್ಧದ ನೆರಳಲ್ಲಿ, 2025ರಲ್ಲಿ ಸಂವಿಧಾನ ತಿದ್ದಿ ಇಲ್ಲಿ ನೆಲೆಸಿರುವ ರಷ್ಯಾ, ಬೆಲಾರಸ್ ಪ್ರಜೆಗಳ ಸ್ಥಳೀಯ ಮತದಾನದ ಹಕ್ಕು ತೆಗೆದುಹಾಕಿದ್ದಾರೆ. ಅವನು ಎಸ್ಟೋನಿಯಾ ಪ್ರಜೆ, ಅವನ ಅಜ್ಜಿ ಅಲ್ಲ. ‘ಅಜ್ಜಿಗೆ ಕಾರ್ಡ್ ಇದೆ, ಪಿನ್ ಇದೆ, ವೋಟು ಮಾತ್ರ ಇಲ್ಲ’ ಅಂದ. ಅದು ಸರಿಯೋ ತಪ್ಪೋ ಅಂತ ಹೇಳಲು ಒಂದು ವರ್ಷದ ವಾಸ ನನಗೆ ಸಾಲದು. ಯಾರು ಮತದಾರ ಅನ್ನೋದನ್ನು ಮಾತ್ರ ಸಾಫ್ಟ್‌ವೇರ್ ತೀರ್ಮಾನಿಸುವುದಿಲ್ಲ, ರಾಜಕೀಯವೇ ತೀರ್ಮಾನಿಸುತ್ತೆ.

23ನೇ ಮಹಡಿ

ಊರು ನೋಡೋಕೆ ಅಂತ ಬಂದವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಕೋಟೆಗಲ್ಲ, ವಿರು ಹೋಟೆಲ್ಲಿಗೆ. 1972ರಲ್ಲಿ ವಿದೇಶಿ ಪ್ರವಾಸಿಗರಿಗಾಗಿ ತೆರೆದ ಹೋಟೆಲ್. ಲಿಫ್ಟಿನಲ್ಲಿ 22 ಮಹಡಿಗೆ ಮಾತ್ರ ಗುಂಡಿ. ಮೇಲಿನ 23ರಲ್ಲಿ ಕೆಜಿಬಿಯ ರೇಡಿಯೋ ಕೋಣೆ. ಕೆಳಗಿನ ಕೆಲವು ರೂಮುಗಳಲ್ಲಿ ಗುಟ್ಟಾದ ಮೈಕುಗಳು. ಆ ಕೋಣೆಯ ಬಾಗಿಲ ಮೇಲೆ ರಷ್ಯನ್‌ನಲ್ಲಿ ‘ಇಲ್ಲಿ ಏನೂ ಇಲ್ಲ’ ಅಂತ ಬರೆದಿದೆ! 1991ರಲ್ಲಿ ಅವರು ಬಿಟ್ಟು ಓಡಿದ ಉಪಕರಣಗಳು ಈಗ ಮ್ಯೂಸಿಯಂ.

ಈ ಕೋಣೆ ನೋಡಿದ ಮೇಲೆ ಇಲ್ಲಿನ ಡಿಜಿಟಲ್ ವ್ಯವಸ್ಥೆ ಬೇರೆ ಥರ ಕಾಣುತ್ತೆ. ಸರ್ಕಾರ ಕದ್ದು ಕೇಳಿಸಿಕೊಂಡರೆ ಹೇಗಿರುತ್ತೆ ಅಂತ ಈ ಜನಕ್ಕೆ ಪುಸ್ತಕದಿಂದ ಗೊತ್ತಾಗಬೇಕಿಲ್ಲ. ಸರ್ಕಾರಿ ಪೋರ್ಟಲ್ಲಿನಲ್ಲಿ ‘ಡೇಟಾ ಟ್ರ್ಯಾಕರ್’ ಅನ್ನೋ ಪುಟ ಇದೆ. ಲಾಗಿನ್ ಆದರೆ ನನ್ನ ಮಾಹಿತಿಯನ್ನು ಯಾವ ಇಲಾಖೆ, ಯಾವತ್ತು ತೆರೆದು ನೋಡಿದೆ ಅಂತ ಸಾಲುಸಾಲಾಗಿ ತೋರಿಸುತ್ತೆ. ಯಾಕೆ ನೋಡಿದಿರಿ ಅಂತ ಕೇಳುವ ಹಕ್ಕು ನನಗಿದೆ. ಕೆಲಸವಿಲ್ಲದೆ ಇಣುಕಿದ ನೌಕರರಿಗೆ ದಂಡ ಬಿದ್ದದ್ದೂ ಇದೆ.

ಎಲ್ಲವೂ ಪರಿಪೂರ್ಣ ಅಂತಲ್ಲ. ಜನರ ಬ್ಯಾಂಕ್ ಖಾತೆಯ ವಿವರಗಳನ್ನು ಸರ್ಕಾರಿ ಸಂಸ್ಥೆಗಳು ಕಾನೂನಿನ ಸರಿಯಾದ ಆಧಾರವಿಲ್ಲದೆ ನೋಡುತ್ತಿವೆ, ಅದು ಜನರಿಗೆ ಕಾಣುತ್ತಲೂ ಇಲ್ಲ ಅಂತ 2025ರಲ್ಲಿ ಇಲ್ಲಿನ ನ್ಯಾಯ ಚಾನ್ಸಲರ್ ಅವರೇ ದೊಡ್ಡ ಪ್ರಶ್ನೆ ಎತ್ತಿದರು. ವಾರಗಟ್ಟಲೆ ಸುದ್ದಿ. ಅಂದರೆ ಕಿಂಡಿ ಇದ್ದರೆ ಸಾಲದು, ಅದು ಮುಚ್ಚಿಲ್ಲ ಅಂತ ನೋಡ್ತಾ ಇರಬೇಕು.

ಬೀಗವೇ ಕೆಟ್ಟಾಗ

ಎರಡು ದಿನಾಂಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಒಂದು 2007ರ ಏಪ್ರಿಲ್. ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಊರ ನಡುವಿನಿಂದ ಸೈನಿಕರ ಸ್ಮಶಾನಕ್ಕೆ ಸ್ಥಳಾಂತರಿಸಿದಾಗ ಬೀದಿಯಲ್ಲಿ ದೊಂಬಿ, ಅದರ ಹಿಂದೆಯೇ ವಾರಗಟ್ಟಲೆ ಸೈಬರ್ ದಾಳಿ. ಸರ್ಕಾರ, ಬ್ಯಾಂಕು, ಪತ್ರಿಕೆಗಳ ಸೈಟುಗಳು ಮಲಗಿದವು. ಮರುವರ್ಷ ನೇಟೋದ ಸೈಬರ್ ರಕ್ಷಣಾ ಕೇಂದ್ರ ತಾಲಿನ್‌ನಲ್ಲೇ ಶುರುವಾಯಿತು.

ಇನ್ನೊಂದು 2017. ಗುರುತಿನ ಚೀಟಿಯ ಚಿಪ್‌ನಲ್ಲೇ ದೋಷ ಇದೆ, ಗುಪ್ತ ಕೀಲಿಯನ್ನು ಲೆಕ್ಕ ಹಾಕಿ ಕಂಡುಹಿಡಿಯಬಹುದು ಅಂತ ಚೆಕ್ ದೇಶದ ಸಂಶೋಧಕರು ತಿಳಿಸಿದರು. ಸುಮಾರು ಏಳೂವರೆ ಲಕ್ಷ ಕಾರ್ಡು, ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ. ಅದೂ ಚುನಾವಣೆಗೆ ಆರು ವಾರ ಇದ್ದಾಗ. ಸೆಪ್ಟೆಂಬರ್ 5ರಂದು ಪ್ರಧಾನಿ ಯೂರಿ ರಾತಾಸ್ ಪತ್ರಿಕಾಗೋಷ್ಠಿ ಕರೆದು ವಿಷಯ ಬಿಚ್ಚಿಟ್ಟರು. ನವೆಂಬರ್‌ನಲ್ಲಿ ಹಳೇ ಪ್ರಮಾಣಪತ್ರಗಳನ್ನು ತಡೆಹಿಡಿದು ಹೊಸದನ್ನು ಹಾಕಿಸಿದರು. ಜನ ಕ್ಯೂ ನಿಂತರು, ಬೈದರು, ಆದರೆ ಬಳಸೋದು ಬಿಡಲಿಲ್ಲ.

ಈ ಸೆಮಿಸ್ಟರಿನ 780 ಗಂಟೆಗಳಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಘಟನೆ. ಬಗ್ ಇಲ್ಲದ ಸಾಫ್ಟ್‌ವೇರ್ ಇಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು. ಪ್ರೊಡಕ್ಷನ್‌ನಲ್ಲಿ ಏನಾದರೂ ಒಡೆದಾಗ ಮುಚ್ಚಿಡುವ ಟೀಮು, ಬೇಗ ಹೇಳುವ ಟೀಮು ಎರಡನ್ನೂ ನೋಡಿದ್ದೇವೆ. ಯಾವುದರ ಮೇಲೆ ಗ್ರಾಹಕನಿಗೆ ನಂಬಿಕೆ ಉಳಿಯುತ್ತೆ? ಸರ್ಕಾರಕ್ಕೂ ಅದೇ ಲೆಕ್ಕ.

ಹಾಗಾದರೆ ನಮಗೂ ಬೇಕಾ?

ಊರಿನ ಗೆಳೆಯರು ವಾಟ್ಸ್ಆ್ಯಪಿನಲ್ಲಿ ಕೇಳ್ತಾರೆ: ಯುಪಿಐ ಮಾಡಿದ ದೇಶಕ್ಕೆ ಆನ್‌ಲೈನ್ ವೋಟು ಯಾವ ಲೆಕ್ಕ? ನನಗಂತೂ ಅದರಿಂದ ಲಾಭವೇ. ಭಾರತದ ಪ್ರಜೆ ವಿದೇಶದಲ್ಲಿದ್ದರೆ ಹೆಸರು ನೋಂದಾಯಿಸಬಹುದು, ಆದರೆ ಮತ ಹಾಕಲು ತನ್ನ ಮತಗಟ್ಟೆಗೇ ಬರಬೇಕು. ನಾನು ಕೊನೆಯದಾಗಿ ಬೆರಳಿಗೆ ಶಾಯಿ ಹಾಕಿಸಿಕೊಂಡಿದ್ದು 2024ರ ಏಪ್ರಿಲ್ 26ರಂದು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಅದೇ ಶಾಯಿ, 1962ರ ಚುನಾವಣೆಯಿಂದ ದೇಶದ ಬೆರಳುಗಳ ಮೇಲೆ ಕೂತಿರುವ ಶಾಯಿ.

ಆದರೂ ನನ್ನ ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ಕಾರಣ ನಮ್ಮ ಅಜ್ಜಿ. ಅವರ ಫೋನು ನಮ್ಮ ಮಾವನ ಕೈಯಲ್ಲಿ, ಓಟಿಪಿ ಬಂದರೆ ಓದುವವರು ಮೊಮ್ಮಗ. ಯಾವ ಸೀರೆ, ಯಾವ ಡಾಕ್ಟರು, ಯಾವ ಬ್ಯಾಂಕು ಅನ್ನೋದನ್ನೆಲ್ಲ ಮನೆಯವರು ತೀರ್ಮಾನಿಸ್ತಾರೆ. ಐದು ವರ್ಷಕ್ಕೊಮ್ಮೆ ಆ ರಟ್ಟಿನ ಮರೆಯ ಹಿಂದೆ ನಿಂತಾಗ ಮಾತ್ರ ಅಜ್ಜಿ ಒಬ್ಬರೇ. ಮಾವ ಯಾವ ಪಾರ್ಟಿ ಅಂದರೂ ಅಜ್ಜಿ ಯಾವ ಗುಂಡಿ ಒತ್ತಿದರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೇಳಿದರೆ ನಗ್ತಾರೆ ಅಷ್ಟೆ. ಆ ಮರೆಯನ್ನು ಆ್ಯಪ್‌ಗೆ ಬದಲಾಯಿಸಿದರೆ ಅಜ್ಜಿಯ ವೋಟು ಮಾವನ ಕೈಗೆ ಹೋಗುತ್ತೆ. ಕೊನೆಯ ವೋಟು ಮಾತ್ರ ಲೆಕ್ಕ ಅನ್ನೋ ಉಪಾಯ ತನ್ನದೇ ಕಾರ್ಡು, ತನ್ನದೇ ಪಿನ್ ಇರುವವರಿಗೆ ಸರಿ.

ಈ ದೇಶದಿಂದ ನಾವು ತರಬೇಕಾದದ್ದು ವೋಟಿನ ಆ್ಯಪ್ ಅಲ್ಲ, ಹಿಂತಿರುಗಿ ನೋಡುವ ಕಿಂಡಿ. ಸರ್ಕಾರ ನಮ್ಮನ್ನು ನೋಡುವಷ್ಟೇ ಸಲೀಸಾಗಿ, ಯಾರು ನೋಡಿದರು ಅಂತ ನಮಗೂ ಕಾಣಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೀರ್ಪು ಬಂದಾಗ ಅವರಿಗೆ 90 ದಾಟಿತ್ತು. 2023ರಲ್ಲಿ ಡೇಟಾ ರಕ್ಷಣೆಯ ಕಾನೂನು ಬಂತು, ಅದರಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವೂ ಇದೆ. ಅಲ್ಲಿಗೆ ಕಿಂಡಿ ಅರ್ಧ ತೆರೆದ ಹಾಗಾಯಿತು.

ಆ ಅರ್ಧವನ್ನಾದರೂ ಬಳಸೋಣ. ಆಧಾರ್ ವೆಬ್‌ಸೈಟಿಗೆ ಹೋಗಿ ‘ಅಥೆಂಟಿಕೇಶನ್ ಹಿಸ್ಟರಿ’ ತೆಗೆಯಿರಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ 50 ದಾಖಲೆಗಳವರೆಗೆ ತೋರಿಸುತ್ತೆ. ಗೊತ್ತಿಲ್ಲದ ಹೆಸರು ಕಂಡರೆ ಪ್ರಶ್ನೆ ಕೇಳಿ. ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯವೂ ಅಲ್ಲೇ ಇದೆ. ಎಂಜಿನಿಯರುಗಳಾದ ನನ್ನ ಹಳೇ ಟೀಮಿನ ಹನ್ನೊಂದು ಜನರಲ್ಲಿ ಇದನ್ನು ಒಮ್ಮೆಯಾದರೂ ತೆರೆದವರು ಇಬ್ಬರೇ. ಇವತ್ತು ಮನೆಗೆ ಹೋಗುವ ಮೆಟ್ರೋದಲ್ಲಿ ನಿಮ್ಮದನ್ನು ನೋಡಿ, ಭಾನುವಾರ ಅಪ್ಪ-ಅಮ್ಮನದನ್ನೂ ತೆಗೆದು ತೋರಿಸಿ.

ತಾಲಿನ್‌ಗೆ ಹೋಗುವುದಿದ್ದರೆ

ಶೆಂಗೆನ್ ವೀಸಾ ಸಾಕು. ಹೆಲ್ಸಿಂಕಿಯಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ. ಹಳೇ ಊರು 1997ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ನಡೆದೇ ನೋಡಬಹುದು. ಪುರಭವನದ ಚೌಕದಲ್ಲಿ 1422ರಿಂದಲೇ ದಾಖಲೆಯಲ್ಲಿರುವ ಔಷಧಿ ಅಂಗಡಿ ಇನ್ನೂ ನಡೀತಿದೆ. ತೋಂಪಿಯಾ ಗುಡ್ಡದ ಮೇಲೆ 101 ಸದಸ್ಯರ ಸಂಸತ್ತು. ವಿರು ಹೋಟೆಲಿನ ಮ್ಯೂಸಿಯಂಗೆ ಗೈಡ್ ಜೊತೆಗೇ ಹೋಗಬೇಕು, ಮೊದಲೇ ಬುಕ್ ಮಾಡಿ. ಮೇನಿಂದ ಸೆಪ್ಟೆಂಬರ್ ಒಳ್ಳೇ ಸಮಯ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಆಗ ಕೋಟಿಗೆ ಹೊಳೆಯುವ ರಿಫ್ಲೆಕ್ಟರ್ ತಗುಲಿಸಿಕೊಂಡು ನಡೆಯುವುದು ಕಾನೂನು. ಯಾವ ದಿನಸಿ ಅಂಗಡಿಯಲ್ಲಾದರೂ ಸಿಗುತ್ತೆ.